ಆಂಟಿ ಆಫ್ ಮಾಡಿದ ಕಂಪ್ಯೂಟರ್

ಇದು 2001ರ ಬೇಸಿಗೆಯಲ್ಲಿ ನಡೆದದ್ದು. ಆಗ ನಾನು ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ತ್ಯಾಗರಾಜನಗರದ ಒಂದು ಮನೆಯಿಂದ ದೂರು ಬಂತು. ಕಂಪ್ಯೂಟರ್ ಆಫ್ ಮಾಡಿದರೂ ತಾನಾಗಿ ಮತ್ತೆ ಶುರುವಾಗುತ್ತದಂತೆ.

ಬಾಗಿಲು ತೆರೆದ ಅಂಕಲ್ ಕಾರಣವನ್ನೂ ಹೇಳಿಬಿಟ್ಟರು. "ನಮ್ಮನೆಯವಳಿಗೆ ಆಫ್ ಮಾಡೋಕೆ ಬರಲ್ಲ. ಇನ್ಮೇಲೆ ಮುಟ್ಟಲೇಬೇಡ ಅಂದಿದ್ದೀನಿ."

ಆಂಟಿ ಟೈಪಿಂಗ್ ಕಲಿಯಲು ಶುರುಮಾಡಿ ಎರಡು ವಾರವಾಗಿತ್ತು. ಅವರು ನನ್ನನ್ನು ಕಂಪ್ಯೂಟರ್ ಇದ್ದ ಕೋಣೆಗೆ ಕರೆದುಕೊಂಡು ಹೋದರು.

ನಾನು ನಾಲ್ಕು ಸಲ ಆಫ್ ಮಾಡಿ ನೋಡಿದೆ. ನಾಲ್ಕು ಸಲವೂ ಸರಿಯಾಗಿ ಆಫ್ ಆಯಿತು. ಪ್ರತಿ ಸಲವೂ ಅಂಕಲ್, "ನೋಡಿದ್ರಾ? ಇವಳಿಗೆ ಬರಲ್ಲ ಅಷ್ಟೆ" ಎಂದರು.

"ನೀವೊಂದ್ಸಲ ಮಾಡಿ ತೋರಿಸಿ ಆಂಟಿ" ಎಂದೆ.

ಅವರೂ ನನ್ನಂತೆಯೇ ಆಫ್ ಮಾಡಿದರು. ಪರದೆ ಕಪ್ಪಾಯಿತು. ಆಮೇಲೆ ಒಂದು ಬಟ್ಟೆ ತೆಗೆದುಕೊಂಡು ಕೀಬೋರ್ಡನ್ನು ಈ ತುದಿಯಿಂದ ಆ ತುದಿಗೆ ಒತ್ತಿ ಒರೆಸಿದರು. ತಾವೇ ಹೊಲಿದ ಹೂವಿನ ಕವರನ್ನು ಇಡೀ ಕಂಪ್ಯೂಟರಿಗೆ ಹೊದಿಸಿದರು. ಕವರಿನೊಳಗೆ ಫ್ಯಾನ್ ತಿರುಗುವ ಸದ್ದು ಶುರುವಾಯಿತು.

"ನಾನು ಹೇಳ್ಲಿಲ್ವಾ, ಬರಲ್ಲ ಇವಳಿಗೆ!" ಎಂದರು ಅಂಕಲ್.

ಕೀಬೋರ್ಡಿನ ಯಾವ ಗುಂಡಿ ಒತ್ತಿದರೂ ಕಂಪ್ಯೂಟರ್ ಆನ್ ಆಗುವಂತೆ ಯಾರೋ ಸೆಟ್ಟಿಂಗ್ ಮಾಡಿಟ್ಟಿದ್ದರು. ಅದನ್ನು ತೆಗೆದೆ. ಆಂಟಿ ಮತ್ತೆ ಆಫ್ ಮಾಡಿ, ಒರೆಸಿ, ಹೊದಿಸಿದರು. ಸದ್ದಿಲ್ಲ.

"ಆಂಟಿ ಸರಿಯಾಗೇ ಆಫ್ ಮಾಡ್ತಿದ್ರು ಅಂಕಲ್. ಒರೆಸಿದಾಗ ಅದು ಎದ್ದುಬಿಡ್ತಿತ್ತು."

"ಅದನ್ನೇ ನಾನೂ ಹೇಳ್ತಿದ್ದೆ, ಮೆಷಿನ್ನಿಂದೇ ತಪ್ಪು ಅಂತ."

"ಯಾವಾಗ್ರೀ ಹೇಳಿದ್ರಿ?" ಎಂದು ಆಂಟಿ ನನ್ನ ಕಡೆ ನೋಡಿದರು.

ನಾನು ಅವರು ಕೊಟ್ಟಿದ್ದ ಕಾಫಿಯ ಲೋಟ ನೋಡಿದೆ. ತಪ್ಪು ಮೆಷಿನ್ನಿನದು ಎಂದು ಅಂಕಲ್ ನನ್ನೆದುರು ಹೇಳಿದ್ದು ಒಂದು ಸಲ. ಆಂಟಿಗೆ ಬರಲ್ಲ ಎಂದದ್ದು ಆರು ಸಲ.