ನಮ್ಮ ಮಾಳಿಗೆಯ ಸಂಬಂಧಗಳ ಮೇಡಂ

ಇಬ್ಬರು ಜಗಳಕ್ಕಿಳಿದರೆ ಇಡೀ ಓಣಿ ಬಾಯಿ ಮಾಡುವವರನ್ನು ನೋಡುತ್ತದೆ. ಗಿರಿಜಾ ಮೇಡಂ ಮಾತ್ರ ಸುಮ್ಮನೆ ನಿಂತವರನ್ನು ನೋಡುತ್ತಿದ್ದರು. ಕತ್ತು ವಾಲಿಸಿಕೊಂಡು, ಕಣ್ಣು ಮಿಟುಕಿಸದೆ, ಮೀನಿಗೆ ಕಾದ ಕೊಕ್ಕರೆಯ ಹಾಗೆ.

ಹೊಸಪೇಟೆಯ ನಮ್ಮ ಮಾಳಿಗೆಗೆ ಬಾಡಿಗೆಗೆ ಬಂದಾಗ ಅವರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಅತಿಥಿ ಉಪನ್ಯಾಸಕಿ. ಗಂಡ-ಹೆಂಡತಿ, ಅತ್ತೆ-ಸೊಸೆ, ಹೀಗೆ ಹತ್ತಿರದವರು ಹತ್ತಿರವೇ ಹೇಗೆ ಉಳಿಯುತ್ತಾರೆ ಎಂಬುದು ಅವರ ಅಧ್ಯಯನ. ಇದು ತಿಳಿದದ್ದೇ ತಡ, ಅಪ್ಪ-ಅವ್ವ ವಾರವಿಡೀ ಪಿಸುಮಾತಿನಲ್ಲಿ ಜಗಳವಾಡಿದರು. ಆಮೇಲೆ ಅವ್ವ, "ಕೇಳಿದ್ರ ಕೇಳ್ಲಿ ಬಿಡ್ರಿ" ಎಂದು ಹಳೆಯ ದನಿಗೆ ಮರಳಿದಳು. ಡ್ಯಾಂ ಗೇಟು ತೆಗೆದ ಹಾಗಾಯಿತು.

ಅಷ್ಟರಲ್ಲಿ ಕಾಯಂ ಹುದ್ದೆಗೆ ಸಂದರ್ಶನ ಬಂತು. ಅದು ಸಿಗದಿದ್ದರೆ ಮೇಡಂ ಬೇರೆ ಊರು ಹುಡುಕಬೇಕಿತ್ತು. ಆಯ್ಕೆ ಸಮಿತಿಯ ಮುಂದೆ ಪಾಠ ಮಾಡಿ ತೋರಿಸಲು ಅವರು ಸಮಿತಿಯ ಅನುಮತಿ ಪಡೆದು ಅಪ್ಪ-ಅವ್ವನನ್ನೇ ಕರೆದರು. ಇಬ್ಬರೂ ಸೇರಿ ಒಂದು ಸೀರೆ ಮಡಚಬೇಕು, ಅಷ್ಟೇ.

"ಮನ್ಯಾಗ ಹೆಂಗ ಮಡಚ್ತೀರೋ ಹಂಗ ಮಡಚ್ರಿ. ಹೊಸದೇನೂ ಬ್ಯಾಡ."

ಅಪ್ಪ ಸಂಡೂರಿನ ಅದಿರು ಲಾರಿಯ ಡ್ರೈವರ್. ಅವನ ಕೆಂಪು ಬನಿಯನ್ ಮೊದಲು ಬಿಳಿಯದಾಗಿತ್ತು ಎಂದು ಅಜ್ಜಿ ಹೇಳಿದ್ದರಿಂದಷ್ಟೇ ನಂಬಿದ್ದೇನೆ. ಅಂಥವನು ಅಂದು ಸುರಿದುಕೊಂಡ ಸೆಂಟಿಗೆ ದಾರಿಯ ಎಮ್ಮೆಗಳೂ ಪಕ್ಕಕ್ಕೆ ಸರಿದವು. ನಾನೂ ಹೋದೆ. ನಾನಿಲ್ಲದೆ ವಿಶ್ವವಿದ್ಯಾಲಯ ನಡೆಯುವುದು ಕಷ್ಟ.

ಅಲ್ಲಿ ಅಪ್ಪ-ಅವ್ವನ ಉಪಚಾರ ಶುರುವಾಯಿತು.

"ತಾವು ಹಿಡೀರಿ."

"ಇಲ್ರೀ, ಮೊದ್ಲು ತಾವು."

ಕನ್ಯೆ ನೋಡುವ ದಿನದ ಗಂಡು-ಹೆಣ್ಣಿನಂತೆ ಇಬ್ಬರೂ ನಾಚಿದರು. ಸಮಿತಿಯ ಹಿರಿಯರೊಬ್ಬರು, "ಮೇಡಂ, ಇದು ಸಾಲಿ ಮಕ್ಕಳ ಗ್ಯಾದರಿಂಗ್ ನಾಟಕ ಇದ್ದಂಗೈತಲ್ರಿ" ಎಂದು ಪೆನ್ನು ಜೇಬಿಗೆ ಸಿಕ್ಕಿಸಿದರು. ಮೇಡಂ ಮುಖ ಬಾಡಿತು.

ಗಾಬರಿಯಲ್ಲಿ ಅಪ್ಪ ತಿರುವಿದ ರಭಸಕ್ಕೆ ಸೀರೆ ಹಗ್ಗವಾಯಿತು. ಅವ್ವನಿಗೆ ವಿಶ್ವವಿದ್ಯಾಲಯ ಮರೆತೇಹೋಯಿತು.

"ಬಲಕ್ಕಂದ್ರ ಎಡಕ್ಕ ತಿರುವ್ತೀರಲ್ರೀ! ಘಾಟಿನ್ಯಾಗ ಲಾರಿ ಹೆಂಗ ಹೊಡೀತೀರಿ?"

ಸಮಿತಿ ಬಿದ್ದುಬಿದ್ದು ನಕ್ಕಿತು. ಮೇಡಂ ಅಪ್ಪನತ್ತ ಕೈ ತೋರಿ ಮೆಲ್ಲಗೆ, "ಅವ್ರನ್ನ ಬಿಡ್ರಿ ಸರ್, ಇವ್ರನ್ನ ನೋಡ್ರಿ" ಎಂದರು.

ಅಪ್ಪ ಬೈಸಿಕೊಳ್ಳುತ್ತಲೇ ಅಂಚು ನೆಲ ಸೋಕದಂತೆ ತನ್ನ ತುದಿಯನ್ನು ಎತ್ತಿ ಹಿಡಿದಿದ್ದ. ಅವ್ವನಿಗೆ ಮೊಣಕಾಲು ನೋವು. ಅವಳು ನಡೆಯಬಾರದೆಂದು ಪ್ರತಿ ಮಡಿಕೆಗೂ ತಾನೇ ಅವಳತ್ತ ಬರುತ್ತಿದ್ದ. ಅವ್ವನೂ ಅದನ್ನು ಅಂದೇ ಮೊದಲು ಗಮನಿಸಿದ್ದಿರಬೇಕು. ಬೈಗುಳ ಅರ್ಧಕ್ಕೇ ನಿಂತಿತು.

ಹಿರಿಯರ ಪೆನ್ನು ಮತ್ತೆ ಹೊರಗೆ ಬಂತು.

ಕೆಲಸ ಸಿಕ್ಕಿತು, ಕ್ವಾರ್ಟರ್ಸೂ ಸಿಕ್ಕಿತು. ಮೇಡಂ ಹೊರಟ ದಿನ ಅವ್ವ ಆಟೋಗೆ ಅಕ್ಕಿ ಮೂಟೆ ಹೇರಿಸಿದಳು.

"ಕಂಪ್ಲಿ ಅಕ್ಕಿರಿ, ಒಯ್ರಿ."

"ಬ್ಯಾಡ್ರಿ, ಅಲ್ಲೂ ಸಿಗತೈತಿ."

"ಒಯ್ರಿ ಅಂದ್ರ..."

"ಬ್ಯಾಡಂದ್ರ ಬ್ಯಾಡ್ರಿ! ಎಷ್ಟು ಸಲ ಹೇಳ್ಬೇಕ್ರೀ ನಿಮಗ?"

ಮೇಡಂ ಕೂಗಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಆಟೋದವನು ಹೆದರಿ ಇಂಜಿನ್ ಬಂದ್ ಮಾಡಿದ. ಅವ್ವನ ಮುಖ ಮಾತ್ರ ಅರಳಿತು.

"ಹಾಂ, ಈಗ ನಮ್ಮನಿಯವ್ರಾದ್ರಿ ನೋಡ್ರಿ."

ಮೇಡಂ ಮೂಟೆಯನ್ನು ತಬ್ಬಿಕೊಂಡೇ ಹೋದರು.

ಈಗ ಮಾಳಿಗೆಯಲ್ಲಿ ಬ್ಯಾಂಕಿನವರೊಬ್ಬರಿದ್ದಾರೆ. ಭಾಳ ಮರ್ಯಾದಸ್ಥರು. ಏನು ಕೊಟ್ಟರೂ ಥ್ಯಾಂಕ್ಸ್ ಅಂತ ಸುಮ್ಮನೆ ತಗೊಂಡುಬಿಡ್ತಾರ ಎಂದು ಅವ್ವನಿಗೆ ಬೇಜಾರು.