ಕಾಗೆ ಕಾರ್ಡಿನ ಏಳು ಸಾಲು

ನಮ್ಮ ಯಜಮಾನರು ಸದಾನಂದ ಮೂವತ್ತು ಚಿಲ್ಲರೆ ವರ್ಷ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತು ಎದ್ದವರು. ಕಾಫಿ ಕೊಟ್ಟರೆ, ಸಕ್ಕರೆ ಹಾಕಿದೀಯಾ ಎಂದಷ್ಟೇ ಕೇಳಿ ಸುಮ್ಮನಾಗುವ ಜಾತಿಯಲ್ಲ. ಹಾಕಿದ್ರೆ ಕಲಕಿದೀಯಾ, ಕಲಕಿಲ್ಲ ಅಂದ್ರೆ ಚಮಚ ಎಲ್ಲಿ, ಇಷ್ಟನ್ನೂ ಒಂದೇ ಉಸಿರಿಗೆ ಕೇಳುತ್ತಾರೆ. ಮದುವೆಯಾಗಿ ಅರಸೀಕೆರೆಯಿಂದ ಈ ತಮಿಳು ಸೀಮೆಯ ಕ್ರೋಂಪೇಟೆಗೆ ಬಂದ ಹೊಸದರಲ್ಲಿ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಆಮೇಲೆ ತಲೆಚಿಟ್ಟು ಹಿಡಿಯಿತು. ಈಗ ಅಭ್ಯಾಸವಾಗಿದೆ.

ಬೈಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಈ ಚಾಳಿ ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸಗಾರನೊಬ್ಬ ತೀರಿಕೊಂಡು, ಅವನ ಹೆಂಡತಿ ಇವರ ಮೇಜಿನ ಮುಂದೆ ಬಂದು ನಿಂತಿದ್ದಳಂತೆ. ಪಾಲಿಸಿಯಲ್ಲಿ ಯಾವುದೋ ಒಂದು ಸಂಗತಿಯನ್ನು ಯಾರೂ ಬರೆದೇ ಇರಲಿಲ್ಲ. ಬರೆಯದೇ ಬಿಟ್ಟದ್ದನ್ನು ಮೇಲಿನವರು ತಮಗೆ ಅನುಕೂಲವಾಗುವ ಹಾಗೆ ಓದಿಕೊಂಡರು. ಅವಳು ಬರಿಗೈಯಲ್ಲಿ ವಾಪಸು ಹೋದಳು. "ಒಂದೇ ಒಂದು ಸಾಲು ಕಣೇ ಸುಮತಿ. ಅದೊಂದು ಸಾಲು ಇದ್ದಿದ್ರೆ ಆಕೆಗೆ ಸಿಕ್ಕೋದು" ಎಂದು ಇವತ್ತಿಗೂ ಹೇಳುತ್ತಾರೆ. ಅವತ್ತಿನಿಂದ ಅವರ ಕೈ ಯಾವ ಕಾಗದದ ಮೇಲೂ ಬರೆಯದ ಸಾಲನ್ನು ಹುಡುಕುತ್ತಲೇ ಇದೆ.

ರಿಟೈರ್ ಆದ ಮೇಲೆ ಆ ಕೈಗೆ ಕೆಲಸವಿಲ್ಲದಂತಾಯಿತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಂಟಿಸಿದ್ದ ನೋಟೀಸನ್ನು ತಿದ್ದಿಕೊಟ್ಟರು. ಸೆಕ್ರೆಟರಿ ಇವರನ್ನು ಕಂಡರೆ ಮೆಟ್ಟಿಲು ಹತ್ತಿ ಹೋಗಲು ಶುರುಮಾಡಿದ. ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು, ಹಾಳೆ ತಿರುಗುತ್ತಿರಲಿಲ್ಲ. ಏನು ಮಾಡಲಿ, ನನ್ನ ಹತ್ತಿರ ಅವರಿಗೆ ಕೊಡಲು ಯಾವ ಪಾಲಿಸಿಯೂ ಇರಲಿಲ್ಲ.

ಆಗ ಬಂತು ನಮ್ಮ ಮಗಳು ಶ್ರೀಪ್ರಿಯಾಳ ಕಾರ್ಡಿನ ಆಟ.

ಶ್ರೀಪ್ರಿಯಾ ವಡಪಳನಿಯ ಒಂದು ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಬೈದೂ ನೋಡಿದ್ದೇನೆ, ಮುದ್ದು ಮಾಡಿಯೂ ನೋಡಿದ್ದೇನೆ, ಪ್ರಯೋಜನವಾಗಿಲ್ಲ. ಎರಡು ವರ್ಷದಿಂದ ರಜೆಯನ್ನೆಲ್ಲ ಸುರಿದು ಅವಳು ಒಂದು ಆಟ ಮಾಡುತ್ತಿದ್ದಳು. ಹೆಸರು 'ಮೊಟ್ಟೆಮಾಡಿ', ತಮಿಳಿನಲ್ಲಿ ತಾರಸಿ ಅಂತ. ನಾನು ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಇಟ್ಟು ಕಾಗೆ ಕಾಯುವುದನ್ನು ನೋಡಿ ಹೊಳೆದದ್ದಂತೆ. ಆಡುವವರು ತಮ್ಮ ತಮ್ಮ ತಾರಸಿಯಲ್ಲಿ ಸಂಡಿಗೆ ಕಾರ್ಡು ಇಡಬೇಕು, ಬಿಸಿಲಿನ ಕಾರ್ಡು ಬಂದರೆ ಒಣಗುತ್ತದೆ, ಯಾರದು ಮೊದಲು ಒಣಗಿತೋ ಅವರು ಗೆದ್ದರು. ಕಾಗೆ ಬಂದು ಎತ್ತಿಕೊಂಡು ಹೋಗುತ್ತದೆ, ಕೊಡೆ ಬಿಚ್ಚಿ ತಡೆಯಬೇಕು.

ಈ ಕಾರ್ಡುಗಳನ್ನು ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಒಳಗೆ ಏನಿದೆ ಎಂದು ತೆರೆಯುವವರೆಗೆ ಗೊತ್ತಾಗುವುದಿಲ್ಲ. ಹೆಚ್ಚಿನವು ಕಾಗೆ, ಅಳಿಲು, ಕೊಡೆಯಂಥ ಸಾಮಾನ್ಯ ಕಾರ್ಡುಗಳು. ಎಲ್ಲೋ ಒಂದು ಅಪರೂಪದ್ದು, ಕೋಲು ಹಿಡಿದು ಕೂತ ಪಾಟಿ, ಅಂದರೆ ಅಜ್ಜಿಯಂಥದ್ದು. ಮಕ್ಕಳು ತಮ್ಮಲ್ಲಿ ಇಲ್ಲದ್ದನ್ನು ಸ್ನೇಹಿತರ ಹತ್ತಿರ ಬದಲಾಯಿಸಿಕೊಂಡು ಸಂಗ್ರಹ ಮಾಡುತ್ತಾರೆ.

ಶ್ರೀಪ್ರಿಯಾ ಕಾಗೆ ಕಾರ್ಡಿನ ಮೇಲೆ ಬರೆದಿದ್ದದ್ದು ಇಷ್ಟೇ: 'ಎದುರಿನವರ ತಾರಸಿಯಿಂದ ಒಂದು ಸಂಡಿಗೆ ಎತ್ತಿಕೋ.' ಅವಳು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆದದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಮನೆಯಲ್ಲಿ ಒಮ್ಮೆ ನಾವು ಮೂವರೂ ಆಡುತ್ತಿದ್ದಾಗ ಅವಳು ನನ್ನ ಒಣಗಿದ ಸಂಡಿಗೆ ಎತ್ತಿದಳು. ಅದು ಅವಳ ತಾರಸಿಗೆ ಹೋದಾಗ ಒಣಗಿದ್ದೋ, ಮತ್ತೆ ಹಸಿಯೋ ಎಂದು ನಾನು ಕೇಳಿದೆ. ಸುಮ್ಮನೆ ಕೇಳಿದ್ದು. ಬಾಲ್ಕನಿಯ ಕುರ್ಚಿಯಲ್ಲಿ ಒರಗಿ ದಿನ ಕಳೆಯುತ್ತಿದ್ದ ಮನುಷ್ಯ ನೆಟ್ಟಗೆ ಕೂತುಬಿಟ್ಟರು. "ಒಳ್ಳೇ ಪ್ರಶ್ನೆ. ಇದನ್ನ ಬರೆದಿಲ್ಲ ನೀನು" ಎಂದು ಮಗಳಿಗೆ ಹೇಳಿದರು. ಎಷ್ಟೋ ತಿಂಗಳಿಂದ ಅವರ ಮುಖದಲ್ಲಿ ಆ ಕಳೆ ನೋಡಿರಲಿಲ್ಲ ನಾನು.

"ಸರಿಪ್ಪಾ, ಅದನ್ನೊಂದು ನೀವೇ ಎಳುದಿ ಕೊಡಿ" ಎಂದಳು ಅವಳು, ನೀವೇ ಬರೆದುಕೊಡಿ ಎಂದು, ತನ್ನ ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

ಅದನ್ನೊಂದು ಎಂದರೆ ಇವರು ಅದರ ಜೊತೆ ಉಳಿದದ್ದನ್ನೆಲ್ಲ ಬರೆದರು. ಕೊನೆಗೆ ಕಾಗೆ ಕಾರ್ಡಿನ ಮೇಲೆ ಹೀಗಿತ್ತು: 'ನಿಮ್ಮ ಸರದಿಯಲ್ಲಿ ಮಾತ್ರ, ಕೊಡೆ ಬಿಚ್ಚಿರದ ಎದುರಾಳಿಯೊಬ್ಬರ ತಾರಸಿಯಿಂದ ಒಂದು ಸಂಡಿಗೆಯನ್ನು ಎತ್ತಿಕೊಳ್ಳಬಹುದು. ಸದರಿ ಸಂಡಿಗೆ ಒಣಗಿದ್ದಲ್ಲಿ ಒಣಗಿದಂತೆಯೂ, ಹಸಿಯಿದ್ದಲ್ಲಿ ಹಸಿಯಾಗಿಯೂ ಬರತಕ್ಕದ್ದು. ಕಾಗೆ ಇಳಿದ ನಂತರ ಬಿಚ್ಚಿದ ಕೊಡೆ ಈ ಕಾಗೆಗೆ ಅನ್ವಯಿಸುವುದಿಲ್ಲ. ಆದರೆ ಅದೇ ಸರದಿಯ ಮುಂದಿನ ಕಾಗೆಗೆ ಅನ್ವಯಿಸುತ್ತದೆ.' ಇನ್ನೂ ಇತ್ತು. ಒಟ್ಟು ಏಳು ಸಾಲು. ಕಾಗೆಯ ಚಿತ್ರವನ್ನು ಮೇಲಕ್ಕೆ ಒತ್ತಿ ಒತ್ತಿ ಅದರ ಕಾಲೇ ಕಾಣದಂತಾಗಿತ್ತು.

"ಅಪ್ಪಾ, ಇದು ಕಾಮನ್ ಕಾರ್ಡುಪ್ಪಾ. ಒರೇ ಒರು ಲೈನ್ ಪೋದುಂ" ಎಂದಳು ಶ್ರೀಪ್ರಿಯಾ. ಒಂದೇ ಸಾಲು ಸಾಕು ಎಂದು. ಅಪರೂಪದ ಪಾಟಿ ಕಾರ್ಡಿನಲ್ಲಿ ಎಷ್ಟು ಬರೆದರೂ ನಡೆಯುತ್ತದೆ, ಅದು ಕೈಗೆ ಬರುವ ಹೊತ್ತಿಗೆ ಮಗುವಿಗೆ ಆಟ ಬಂದಿರುತ್ತದೆ; ಮೊದಲ ಪ್ಯಾಕೆಟ್ಟಿನಲ್ಲೇ ಸಿಗುವುದು ಮಾತ್ರ ಹಗುರವಾಗಿರಬೇಕು ಎಂದು ವಿವರಿಸಿದಳು.

"ಎಲ್ಲರ ಕೈಗೂ ಬರೋದು ಇದೇ ಅಲ್ವೇನಮ್ಮ? ಹಾಗಿದ್ರೆ ಜಗಳ ಜಾಸ್ತಿ ಬರೋದೂ ಇದರಲ್ಲೇ. ಬಿಗಿಯಾಗಿ ಬರೀಬೇಕಾದ್ದು ಇದನ್ನೇ" ಎಂದರು ಇವರು.

ಇಬ್ಬರ ಮಾತೂ ನನಗೆ ಸರಿ ಎನಿಸಿತು. ಅವಳು ಅಪ್ಪನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇವರು ಪೆನ್ಸಿಲು ಹಿಡಿದು ಹುರುಪಿನಿಂದ ಅಳಿಲಿನ ಕಾರ್ಡಿಗೆ ಹೋಗಿದ್ದರು. ಕಾರ್ಡುಗಳು ಹಾಗೆಯೇ ಪ್ರೆಸ್ಸಿಗೆ ಹೋದವು.

ಆಟದ ಪರೀಕ್ಷೆ ಇದ್ದದ್ದು ಒಂದು ಭಾನುವಾರ, ವಡಪಳನಿಯ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ. ಅಂಗಡಿಯ ಒಡತಿ ವಂದನಾ ಊರೂರಿನ ಅಂಗಡಿಗಳಿಗೆ ಆಟಗಳನ್ನು ಕಳಿಸುವವಳು. ಆಟ ಗೊತ್ತಿಲ್ಲದ ನಾಲ್ಕು ಮಕ್ಕಳು ಯಾರ ಸಹಾಯವೂ ಇಲ್ಲದೆ ಒಂದು ಆಟ ಮುಗಿಸಿದರೆ 'ಮೊಟ್ಟೆಮಾಡಿ'ಯನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದಳು. ಶ್ರೀಪ್ರಿಯಾಳ ಎರಡು ವರ್ಷ ಆ ಒಂದು ಮೇಜಿನ ಮೇಲಿತ್ತು. ಇವರು ಇಸ್ತ್ರಿ ಶರಟು ಹಾಕಿಕೊಂಡು ಹೊರಟರು, ನಾನೂ ಹೋದೆ.

ಅಲ್ಲಿಗೆ ಹೋದ ಮೇಲೆ ವಂದನಾ ಒಂದು ಕಟ್ಟುಪಾಡು ಹೇಳಿದಳು. ಆಟ ಮಾಡಿದವರು ಬಾಯಿ ಬಿಡುವ ಹಾಗಿಲ್ಲ. ಮಕ್ಕಳು ಕೇಳಿದರೂ ಉತ್ತರ ಕೊಡಬಾರದು, ತಲೆ ಕೂಡ ಆಡಿಸಬಾರದು. "ನಾಳೆ ಈ ಪ್ಯಾಕೆಟ್ಟು ಮಧುರೆಯಲ್ಲಿ ಯಾರದೋ ಮನೆಗೆ ಹೋಗುತ್ತೆ. ನೀವು ಅದರ ಜೊತೆ ಹೋಗಿ ಕೂರ್ತೀರಾ ಸಾರ್?" ಎಂದು ತಮಿಳಿನಲ್ಲಿ ನಗುತ್ತಾ ಕೇಳಿದಳು. ಇವರೂ ನಕ್ಕರು. ಸರಿಯಾದ ಕಟ್ಟುಪಾಡು ಎಂದು ಮೆಚ್ಚಿಕೊಂಡರು ಕೂಡ.

ಮಕ್ಕಳು ಪ್ಯಾಕೆಟ್ಟು ಹರಿದಾಗ ಎಷ್ಟು ಚೆನ್ನಾಗಿತ್ತು. ಚಿತ್ರ ನೋಡಿ ನಕ್ಕರು, ಒಬ್ಬರದನ್ನೊಬ್ಬರು ಇಣುಕಿದರು, ಪಾಟಿ ಸಿಕ್ಕಿದವನು ಕುರ್ಚಿಯ ಮೇಲೆ ನಿಂತುಬಿಟ್ಟ. ಶ್ರೀಪ್ರಿಯಾ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಎರಡು ಜಡೆಯ ಒಬ್ಬ ಹುಡುಗಿ ಕಾಗೆ ಕಾರ್ಡು ಎತ್ತಿಕೊಂಡು ಓದತೊಡಗಿದಳು. ತುಟಿ ಅಲ್ಲಾಡಿಸುತ್ತಾ ಮೂರನೆಯ ಸಾಲಿನವರೆಗೆ ಹೋಗಿ, ಮತ್ತೆ ಮೊದಲಿಗೆ ಬಂದಳು. ಪಕ್ಕದವನ ಕೈಯಲ್ಲೂ ಕಾಗೆಯೇ ಇತ್ತು. ಅವನೂ ಓದಿದ. ಎಲ್ಲರ ಕೈಯಲ್ಲೂ ಕಾಗೆ. ಸಾಮಾನ್ಯ ಕಾರ್ಡೆಂದರೆ ಹಾಗೇ ತಾನೇ. ನಗು ನಿಂತುಹೋಯಿತು, ನಾಲ್ಕೂ ಮಕ್ಕಳು ಪರೀಕ್ಷೆಗೆ ಕೂತವರಂತೆ ತಲೆ ಬಗ್ಗಿಸಿದರು.

ಹುಡುಗಿ ತಲೆಯೆತ್ತಿ ಸುತ್ತಲೂ ನೋಡಿದಳು. ಬಿಳಿ ಕೂದಲಿನ, ಕನ್ನಡಕದ ನಮ್ಮ ಯಜಮಾನರು ಅವಳಿಗೆ ಮೇಷ್ಟರ ಹಾಗೆ ಕಂಡಿರಬೇಕು. ಕಾರ್ಡನ್ನು ಅವರ ಕಡೆ ತಿರುಗಿಸಿ, "ಅಂಕಲ್, ಇಂದ ಕಾಕ್ಕಾ ಎನ್ನ ಪಣ್ಣುಂ?" ಎಂದಳು. ಈ ಕಾಗೆ ಏನು ಮಾಡುತ್ತೆ, ಅಷ್ಟೇ ಅವಳು ಕೇಳಿದ್ದು.

ಒಂದು ಸಂಡಿಗೆ ಎತ್ತಿಕೊಳ್ಳುತ್ತೆ. ನಾಲಗೆಯ ತುದಿಯಲ್ಲಿತ್ತು ನನಗೆ. ಅವರಿಗೂ ಇತ್ತು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ವಂದನಾಳ ಕಡೆ ನೋಡಿದರು, ಅವಳು ಬೇಡವೆಂದು ತಲೆಯಾಡಿಸಿದಳು. ಮಗಳ ಕಡೆ ನೋಡಿದರು, ಅವಳು ನೆಲ ನೋಡುತ್ತಿದ್ದಳು. ಹುಡುಗಿ ಸ್ವಲ್ಪ ಹೊತ್ತು ಕಾರ್ಡು ಹಿಡಿದೇ ಕಾದು, ಉತ್ತರ ಬಾರದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡು ತಿರುಗಿದಳು. ನನಗೆ ಎದ್ದು ಹೋಗಿ ಆ ಮಗುವಿನ ಕಿವಿಯಲ್ಲಿ ಹೇಳಿಬಿಡಬೇಕು ಎನಿಸಿತು. ಹೇಳಿದ್ದರೆ ಅಲ್ಲಿಗೇ ಆಟ ಮುಗಿದ ಹಾಗೆ. ಹೇಳದಿದ್ದರೂ ಅದೇ.

ಇನ್ನೂ ಕೆಲವು ಸುತ್ತು ಎಳೆದಾಡಿದರು. ಆಮೇಲೆ ಕಾಗೆಗಳನ್ನೆಲ್ಲ ಒಟ್ಟು ಮಾಡಿ ಒಂದಕ್ಕೊಂದು ಒರಗಿಸಿ ಮನೆ ಕಟ್ಟಿದರು. ಜಡೆಯ ಹುಡುಗಿ, ಹೋಗಬಹುದಾ ಎಂದು ಜೊತೆಗೆ ಬಂದಿದ್ದ ತನ್ನ ಅಮ್ಮನನ್ನು ಕೇಳಿದಳು.

ವಂದನಾ ಕೆಟ್ಟವಳಲ್ಲ. ಚಿತ್ರ ಚೆನ್ನಾಗಿದೆ, ಸಾಮಾನ್ಯ ಕಾರ್ಡುಗಳನ್ನು ಮಕ್ಕಳು ಓದುವ ಹಾಗೆ ಮಾಡಿ ತಾ, ಇನ್ನೊಂದೇ ಸಲ ನೋಡುತ್ತೇನೆ ಎಂದಳು. ಕಾಗೆಯನ್ನು ಕೈಯಲ್ಲಿ ಹಿಡಿದು, ಯಾರು ಬರೆದದ್ದು ಇದನ್ನು, ಎಂದು ಕೇಳಿದಳು.

"ನಾನ್ ದಾನ್" ಎಂದಳು ಶ್ರೀಪ್ರಿಯಾ. ನಾನೇ ಎಂದು. ಇವರು ಬಾಯಿ ತೆರೆದರು, ಅವಳು ಕಾರ್ಡುಗಳನ್ನು ಡಬ್ಬಿಗೆ ತುಂಬಿ ಹೊರಟೇಬಿಟ್ಟಳು. ಪರಂಗಿಮಲೈವರೆಗೆ ಮೆಟ್ರೋ, ಅಲ್ಲಿಂದ ಲೋಕಲ್ ಟ್ರೈನು. ಬಾಯಿ ಬಿಡಬಾರದೆಂಬ ಅಂಗಡಿಯ ಕಟ್ಟುಪಾಡು ಅಂಗಡಿಯಲ್ಲೇ ಉಳಿಯದೆ, ಪಲ್ಲಾವರಂ ದಾಟಿ ಕ್ರೋಂಪೇಟೆಯವರೆಗೂ ನಮ್ಮ ಜೊತೆ ಬಂದಿತ್ತು.

ಮರುದಿನದಿಂದ ಇವರು ಕಾಗೆಯನ್ನು ಮುಂದಿಟ್ಟುಕೊಂಡು ಕೂತರು. ನಾನೇ ಕಡಿಮೆ ಮಾಡಿಕೊಡುತ್ತೇನೆ ಎಂದು ಹಟ. ಕೊಡೆಯ ಸಾಲು ಹೊಡೆದುಹಾಕಿದರು, ಸಂಜೆಗೆ ಮತ್ತೆ ಬರೆದರು. ಹಸಿ ಸಂಡಿಗೆಯ ಸಾಲು ಹೊಡೆದುಹಾಕಿದರು, ಊಟದಿಂದ ಅರ್ಧಕ್ಕೆ ಎದ್ದು ಹೋಗಿ ಮತ್ತೆ ಬರೆದರು.

"ಬಿಡಿ ಅಂದ್ರೆ. ಮಕ್ಕಳು ಜಗಳ ಆಡಿದ್ರೆ ಆಡ್ಲಿ. ಅವೇ ಸರಿ ಮಾಡ್ಕೋತವೆ" ಎಂದೆ ನಾನು, ಸಿಟ್ಟಿನಿಂದಲೇ.

"ಜಗಳದಲ್ಲಿ ಯಾವಾಗ್ಲೂ ಜೋರು ದನಿಯವರೇ ಗೆಲ್ಲೋದು ಸುಮತಿ. ಮೆತ್ತಗಿರೋ ಮಗು ಏನು ಮಾಡತ್ತೆ?" ಎಂದರು. ಪೆನ್ಸಿಲಿನ ತುದಿಯಲ್ಲಿ ಆ ಕಾರ್ಖಾನೆಯವನ ಹೆಂಡತಿ ಇನ್ನೂ ನಿಂತಿದ್ದಾಳೆ, ಅವಳನ್ನು ಹೊಡೆದುಹಾಕಿ ಎಂದು ಹೇಗೆ ಹೇಳಲಿ?

ಒಂದು ಬೆಳಗ್ಗೆ ಶ್ರೀಪ್ರಿಯಾ ಹೊಸ ಕಾರ್ಡುಗಳ ಪೆನ್ ಡ್ರೈವ್ ಚೀಲಕ್ಕೆ ಹಾಕಿಕೊಂಡು ಪ್ರೆಸ್ಸಿಗೆ ಹೊರಟಳು. ತಾನೇ ಕೂತು ಎಲ್ಲವನ್ನೂ ಒಂದೊಂದು ಸಾಲಿಗೆ ತಂದಿದ್ದಳು. ಇವರು ಬಾಗಿಲವರೆಗೆ ಹಿಂದೆಯೇ ಹೋದರು.

"ಕೊಡೋ ಮೊದ್ಲು ಒಂದ್ಸಲ ನಾನು ನೋಡ್ಲೇನಮ್ಮ? ಏನೂ ಸೇರಿಸಲ್ಲ. ಸುಮ್ನೆ ಕಣ್ಣಾಡಿಸ್ತೀನಿ."

ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿದ್ದವಳು ಹಾಗೇ ನಿಂತಳು. ಅವಳ ಕಣ್ಣು ತುಂಬಿತ್ತು.

"ಬೇಡಪ್ಪಾ. ನೀವು ನೋಡೋದು ಬೇಡ" ಎಂದಳು, ಅಚ್ಚ ಕನ್ನಡದಲ್ಲಿ, ಒಂದಕ್ಷರವೂ ತಮಿಳು ಬೆರೆಸದೆ.

"ಸರಿಯಮ್ಮ. ಹುಷಾರಾಗಿ ಹೋಗಿಬಾ" ಎಂದರು ಇವರು. ಬಾಲ್ಕನಿಗೆ ಹೋಗಿ ಪೇಪರು ತೆಗೆದುಕೊಂಡರು.

ಕನ್ನಡದಲ್ಲಿ ಮಾತಾಡೇ ಎಂದು ಹುಟ್ಟಿದಾಗಿನಿಂದ ಅವಳ ಹಿಂದೆ ಬಿದ್ದವಳು ನಾನು. ಅದೊಂದು ಮಾತನ್ನು ಅವಳು ತಮಿಳಿನಲ್ಲೇ ಹೇಳಿದ್ದರೆ ಆಗುತ್ತಿತ್ತು.