ಹೊಟ್ಟೆ ಸೀಳಿದ ಅಕ್ಷರ

ಲೇಬಲ್ ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಆಕೆಯನ್ನು ಎಲ್ಲರೂ ತಿದ್ದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕಿಟಕಿ ಪಕ್ಕದ ಅದೇ ಮೇಜು, ಅದೇ ಕೆಂಪು ಪೆನ್ನು, ಪ್ರೂಫ್ ತಿದ್ದುವ ಅದೇ ಕೆಲಸ. ಬರುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಹೆಂಡದ ಬಾಟಲಿಗಳ ಲೇಬಲ್ಲು. ಹೊಳೆಯುವ ಚಿನ್ನದ ಬಣ್ಣದಲ್ಲಿ ಅಂಗೈಯಗಲದ ಹೆಸರು. ಅದರ ಕೆಳಗೆಲ್ಲೋ ಮೂಲೆಯಲ್ಲಿ ಎಳ್ಳು ಕಾಳಿನಂಥ ಅಕ್ಷರ: 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ.'

ಇರುವುದು ಒಂದೇ ಸಾಲು. ಅದರಲ್ಲೂ ತಿಂಗಳಿಗೆರಡು ಸಲ ತಪ್ಪು. ಅಕ್ಷರ ಜೋಡಿಸುವವನು 'ಮದ್ಯ'ವನ್ನು 'ಮಧ್ಯ' ಮಾಡಿ ಕಳಿಸುತ್ತಿದ್ದ.

"ಅಲ್ಲಪ್ಪಾ, ಮತ್ತೆ ದಕಾರದ ಹೊಟ್ಟೆ ಸೀಳಿದ್ದೀಯಲ್ಲ," ಎನ್ನುತ್ತಿದ್ದಳು ತಿದ್ದಕ್ಕ. "ಜನ ಇದನ್ನ ಓದಿ ಏನಂತ ತಿಳ್ಕೋಬೇಕು?"

"ಅದನ್ನ ಓದೋರು ನೀವೊಬ್ರೇ ಅಕ್ಕ," ಎನ್ನುತ್ತಿದ್ದ ಅವನು.

ಆ ತಪ್ಪಿನ ಸುದ್ದಿಗೆ ಕಿವಿಗೊಡುವವನು ಇನ್ನೊಬ್ಬನಿದ್ದ. ಮನೆಯಲ್ಲಿ, ಅವಳ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು; ಲಿಫ್ಟ್ ರಿಪೇರಿಯವನು, ಮಾತಿನಮಲ್ಲ. ಪ್ರೆಸ್ಸಿನ ಕಥೆ ಕೇಳಿದವನೇ ಗ್ಲಾಸು ಎತ್ತಿ ಹಿಡಿದು, "ನಂದು ಮದ್ಯಪಾನ ಅಲ್ಲಕ್ಕ, ಮಧ್ಯಪಾನ. ಕೆಲಸದ ಮಧ್ಯ ಒಂದು, ಊಟದ ಮಧ್ಯ ಒಂದು," ಅಂದಿದ್ದ. ತಿದ್ದಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಮೇಲೆ ವರ್ಷಗಟ್ಟಲೆ ಅದೇ ಜೋಕು, ಅದೇ ನಗು. ಬೈದರೆ ಎಲ್ಲಿ ಮನೆ ಬಿಟ್ಟು ಹೋಗುತ್ತಾನೋ ಎಂಬ ಭಯ ಪಾಪ ಅವಳಿಗೆ. ಅವಳಿಗಿದ್ದವನು ಅವನೊಬ್ಬನೇ.

ಕೊನೆಗೆ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಮೂರು ವಾರ ಆಸ್ಪತ್ರೆ. ಮನೆಗೆ ಕಳಿಸುವ ದಿನ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಇನ್ನು ಕುಡಿದರೆ ಆಸೆ ಬಿಟ್ಟುಬಿಡಿ ಎಂದರು. ಕೈಗೆ ಕೊಟ್ಟ ಚೀಟಿಯ ಕೊನೆಯ ಸಾಲು: 'ಮಧ್ಯಪಾನ ಪೂರ್ತಿ ಬಿಡತಕ್ಕದ್ದು.'

ಅವಳು ಚೀಟಿ ಹಿಡಿದು ವಾಪಸು ಬಂದಾಗ ಮಂಚದ ಮೇಲಿಂದಲೇ ತಮ್ಮ ಕತ್ತು ಚಾಚಿ ಓದಿದ. ಮೂಳೆ ಚಕ್ಕಳವಾಗಿದ್ದವನ ಮುಖದಲ್ಲಿ ಹಳೆಯ ನಗು. "ತಪ್ಪಿದೆ ನೋಡಕ್ಕ. ಪೆನ್ನು ತೆಗಿ."

ಅವಳ ಕೈ ಚೀಲದೊಳಗೆ ಹೋಯಿತು, ಪೆನ್ನು ಸಿಕ್ಕಿತು. ಅಲ್ಲೇ ಬಿಟ್ಟಳು.

"ಅಕ್ಷರ ಹಾಳಾಗ್ಲಿ ಕಣೋ. ಕುಡೀಬೇಡ. ಕುಡಿದ್ರೆ ಸತ್ತೋಗ್ತೀಯ."

ಅವನ ನಗು ನಿಂತಿತು.

"ಇಷ್ಟು ವರ್ಷ ಒಂದ್ಸಲಾನೂ ಹೇಳ್ಲಿಲ್ವಲ್ಲಕ್ಕ," ಅಂದ.

ಒಂದೊಂದು ಬಾಟಲಿ ಮೇಲೂ ಹೇಳಿದ್ದೆನಲ್ಲೋ ಎಂದು ಮನಸ್ಸಿನಲ್ಲೇ ಅಂದುಕೊಂಡು ತಿದ್ದಕ್ಕ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು.